ಗುರುವಾರದ ಜೋಡಿ

ನನ್ನ ಗಂಡ ಪ್ರತಿ ಗುರುವಾರ, ನಾನು ಕೆಲಸಕ್ಕೆ ಹೋದ ಮೇಲೆ, ಎದುರು ಮನೆಗೆ ಹೋಗಿ ಇನ್ನೊಬ್ಬರ ಜೊತೆ ಎರಡು ತಾಸು ಕೂತು ಬರುತ್ತಾರೆಂದು ನನಗೆ ತಿಳಿದದ್ದು ಮಗಳಿಂದ. ಆ ಇನ್ನೊಬ್ಬರು ಎಂಬತ್ತೊಂದು ವರ್ಷದ ಯಹೂದಿ ವೃದ್ಧರು. ಮೊಣಕಾಲು ನೋವು, ಎರಡೂ ಕಿವಿಗೆ ಯಂತ್ರ. ಆದರೂ ನನಗೆ ಹೊಟ್ಟೆ ಉರಿಯಿತು. ಬೇರೆ ಥರದ ಸಂಬಂಧವಾಗಿದ್ದರೆ ಜಗಳವಾದರೂ ಆಡಬಹುದಿತ್ತು, ನಾಲ್ಕು ಜನರ ಕನಿಕರವಾದರೂ ಸಿಗುತ್ತಿತ್ತು. ಇದನ್ನು ಯಾರ ಹತ್ತಿರ ಹೇಳಿಕೊಳ್ಳಬೇಕು? ಅವರಿಬ್ಬರೂ ಕೂತು ಓದುತ್ತಿದ್ದರು.

ಓದು ಎಂಬುದೇ ನನಗೆ ನುಂಗಲಾರದ ತುತ್ತಾಗಿದ್ದು. ನಾನು ಧಾರವಾಡದವಳು, ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ ರ‍್ಯಾಂಕು ಬಂದವಳು, ಆರು ವರ್ಷ ಕಾಲೇಜಿನಲ್ಲಿ ನೀತಿಶಾಸ್ತ್ರ ಪಾಠ ಹೇಳಿದವಳು. ಇವರು ಹುಬ್ಬಳ್ಳಿಯವರು, ಮೆಕ್ಯಾನಿಕಲ್ ಡಿಪ್ಲೊಮಾ. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಇವರು ಕೊನೆಯ ಪುಟದವರೆಗೆ ಓದಿದ್ದನ್ನು ನಾನು ಕಂಡಿದ್ದರೆ ಅದು ಡಿಶ್‌ವಾಶರಿನ ಮ್ಯಾನ್ಯುಯಲ್ಲು ಮಾತ್ರ. ದೇಶ ಬಿಟ್ಟು ರಿಚ್ಮಂಡ್ ಹಿಲ್ಲಿಗೆ ಬಂದ ಮೇಲೆ ನನ್ನ ತತ್ವಶಾಸ್ತ್ರ ಯಾರಿಗೂ ಬೇಕಾಗಲಿಲ್ಲ. ಒಂದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಬಂದವರ ಹೆಸರು ಬರೆದುಕೊಳ್ಳುವ ಮುಂದಿನ ಮೇಜಿಗೆ ಕೂತೆ. ಇವರಿಗೆ ಒಂದು ಪ್ಯಾಕಿಂಗ್ ಫ್ಯಾಕ್ಟರಿಯಲ್ಲಿ ಮಶೀನು ರಿಪೇರಿಯ ಕೆಲಸ ಸಿಕ್ಕಿತು, ಮಧ್ಯಾಹ್ನ ಮೂರರಿಂದ ರಾತ್ರಿ ಹನ್ನೊಂದರ ಶಿಫ್ಟು. ನಾನು ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ಬರುವುದು ಸಂಜೆ ಆರಕ್ಕೆ. ಹಾಗಾಗಿ ವಾರದ ಐದು ದಿನ ನಮ್ಮಿಬ್ಬರ ಸಂಸಾರ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಚೀಟಿಗಳಲ್ಲಿ ನಡೆಯುತ್ತಿತ್ತು. ಹಾಲು ಮುಗದೈತಿ. ಪ್ಲಂಬರ್ ನಾಳೆ ಬರ್ತಾನ. ಅವರು ಎಚ್ಚರವಿದ್ದು ಬಿಡುವಾಗಿರುತ್ತಿದ್ದ ಬೆಳಗಿನ ಹೊತ್ತು ನನಗೆಂದೂ ಸಿಗುತ್ತಿರಲಿಲ್ಲ. ಆ ಹೊತ್ತು ಎದುರು ಮನೆಯವರಿಗೆ ಸಿಗುತ್ತಿತ್ತು.

ಆ ಮನೆಯವರನ್ನು ಇವರು ಮಾಸ್ತರು ಎನ್ನುತ್ತಿದ್ದರು. ಅವರು ನಿಜಕ್ಕೂ ಹೈಸ್ಕೂಲು ಮಾಸ್ತರಾಗಿದ್ದು ನಿವೃತ್ತರಾದವರು. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ೨೦೧೬ರ ಚಳಿಗಾಲದಲ್ಲಿ ಒಂದು ದಿನ ಇವರು ನಮ್ಮ ಡ್ರೈವ್‌ವೇಯ ಹಿಮ ಬಾಚುವಾಗ ಅವರದನ್ನೂ ಬಾಚಿಕೊಟ್ಟರಂತೆ. ಮರುವಾರ ಮನೆ ಬಿಸಿ ಮಾಡುವ ಫರ್ನೇಸು ಗಡಗಡ ಸದ್ದು ಮಾಡುತ್ತದೆಂದು ಅವರು ಕರೆದರಂತೆ. ರಿಪೇರಿ ಮುಗಿದ ಮೇಲೆ ಚಹಾ ಕೊಟ್ಟು, ಮೇಜಿನ ಮೇಲೆ ತೆರೆದಿಟ್ಟಿದ್ದ ಪುಸ್ತಕದಿಂದ ಎರಡು ಸಾಲು ಓದಿ ಹೇಳಿದರಂತೆ. ಇವರು ಕೈಯ ಗ್ರೀಸು ಒರೆಸಿಕೊಳ್ಳುತ್ತ, ಅದು ಸರಿ ಕಾಣಲ್ಲ ಎಂದರಂತೆ. ಮಾಸ್ತರು ಕುರ್ಚಿ ಹತ್ತಿರ ಎಳೆದುಕೊಂಡು, ಯಾಕೆ ಸರಿಯಿಲ್ಲ ಹೇಳು ಎಂದರಂತೆ. ಎಲ್ಲ ಶುರುವಾದದ್ದು ಅಲ್ಲಿಂದ.

ಇದನ್ನೆಲ್ಲ ಒಂದು ಶನಿವಾರ ನಾನು ಕೆದಕಿ ಕೆದಕಿ ಕೇಳಿದ ಮೇಲೆ ಇವರು ಹೇಳಿದ್ದು.

‘ಅದೇನ ದೊಡ್ಡ ವಿಷಯ ಅಲ್ಲ,’ ಎಂದರು. ‘ಮೊದಲ ಅವರ ಜೋಡಿ ಓದತಿದ್ದ ದೋಸ್ತ ಊರ ಬಿಟ್ಟ ಹೋದ್ರಂತ. ಅವರ ಮಂದಿಯೊಳಗ ಒಬ್ಬರ ಕೂತ ಓದಬಾರದಂತ, ಇಬ್ಬರ ಇರಬೇಕಂತ. ಅದಕ್ಕ ಹೊಕ್ಕೀನಿ.’

‘ನಿಮಗ ಅದರಾಗ ಏನ ತಿಳೀತೈತಿ?’

‘ಏನೂ ತಿಳಿಯಂಗಿಲ್ಲ. ತಿಳೀದಿದ್ದಕ್ಕ ಕರೀತಾರ.’

ಮಗಳು ಸೋಫಾದಲ್ಲಿ ಬಿದ್ದುಕೊಂಡು ಫೋನು ನೋಡುತ್ತಿದ್ದಳು. ಆಗ ಅವಳಿಗೆ ಹದಿನಾರು. ‘ಅಮ್ಮಾ, ಆರ್ ಯೂ ಜೆಲಸ್?’ ಎಂದಳು. ಇಲ್ಲವೇ ಇಲ್ಲ ಎಂದು ನಾನು ಕನ್ನಡದಲ್ಲಿ, ಇಂಗ್ಲಿಷಿನಲ್ಲಿ, ಎರಡರಲ್ಲೂ ಹೇಳಿದೆ.

ಅವರ ಪದ್ಧತಿಗೆ ಹವ್ರೂತಾ ಎನ್ನುತ್ತಾರೆ. ಇಬ್ಬರು ಎದುರುಬದುರು ಕೂತು, ನಡುವೆ ಒಂದು ಹಳೆಯ ಗ್ರಂಥ ಇಟ್ಟುಕೊಂಡು, ಗಟ್ಟಿಯಾಗಿ ಓದುತ್ತ ಜಗಳವಾಡುವುದು. ಜಗಳ ಎಂದು ನಾನು ತಮಾಷೆಗೆ ಹೇಳುತ್ತಿಲ್ಲ. ಒಬ್ಬ ಒಂದು ಅರ್ಥ ಹೇಳಿದರೆ ಇನ್ನೊಬ್ಬ ಅದಕ್ಕೆ ಅಡ್ಡ ಹಾಕಲೇಬೇಕು, ಅದು ಅವನ ಕರ್ತವ್ಯ. ಮಾಸ್ತರು ಬರೀ ಹಳೆಯದನ್ನು ಓದುವವರಲ್ಲ. ಇಪ್ಪತ್ತನೇ ಶತಮಾನದ ಯಹೂದಿ ತತ್ವಜ್ಞಾನಿಗಳನ್ನು ಪಕ್ಕದಲ್ಲಿಟ್ಟುಕೊಂಡು, ಅವರ ಕಣ್ಣಿನಿಂದ ಹಳೆಯ ಧರ್ಮಚರ್ಚೆಗಳನ್ನು ನೋಡುವವರು. ಯುರೋಪಿನಲ್ಲಿ ತಮ್ಮ ಜನ ಬೂದಿಯಾದದ್ದನ್ನು ಕಂಡ ಮೇಲೆ, ಒಳ್ಳೆಯದು ಎಂದರೇನು ಎಂದು ಮತ್ತೆ ಮೊದಲಿನಿಂದ ಕೇಳಿಕೊಂಡವರ ಪುಸ್ತಕಗಳು ಅವು. ನಾನು ಎಂ.ಎ. ಓದುವಾಗ ಇವರೆಲ್ಲ ನಮ್ಮ ಸಿಲೆಬಸ್ಸಿನ ಕೊನೆಯ ಘಟಕದಲ್ಲಿದ್ದರು. ಪರೀಕ್ಷೆಗೆ ಬರುವುದಿಲ್ಲವೆಂದು ಬಿಟ್ಟಿದ್ದೆ. ಈಗ ಅದು ನನ್ನ ಗಂಡನ ಪಾಲಿಗೆ ಬಂದಿತ್ತು.

ಅದೇ ಶನಿವಾರ, ಚಪಾತಿ ಲಟ್ಟಿಸುತ್ತಿದ್ದವಳ ಪಕ್ಕಕ್ಕೆ ಬಂದು ಇವರು ಒಂದು ಪ್ರಶ್ನೆ ಕೇಳಿದರು.

‘ಇಬ್ರು ಮರಳುಗಾಡಿನ್ಯಾಗ ಹೊಂಟಾರ. ಒಬ್ಬನ ಕೈಯಾಗ ಒಂದ ಬಾಟ್ಲಿ ನೀರ ಐತಿ. ಇಬ್ರೂ ಕುಡದ್ರ ಇಬ್ರೂ ಸಾಯ್ತಾರ. ಅಂವ ಒಬ್ಬನ ಕುಡದ್ರ ಅಂವ ಊರ ಮುಟ್ಟತಾನ. ಏನ ಮಾಡಬೇಕ ಹೇಳು.’

ನನಗೆ ಎಷ್ಟು ಸಂತೋಷವಾಯಿತೆಂದರೆ ಲಟ್ಟಣಿಗೆ ಕೆಳಗಿಟ್ಟೆ. ಇಪ್ಪತ್ತು ವರ್ಷದಲ್ಲಿ ಇವರು ನಾನು ಓದಿದ ವಿಷಯದಲ್ಲಿ ಕೇಳಿದ ಮೊದಲ ಪ್ರಶ್ನೆ ಅದು. ಕರ್ತವ್ಯದ ದೃಷ್ಟಿಯಿಂದ ಒಂದು, ಪರಿಣಾಮದ ದೃಷ್ಟಿಯಿಂದ ಒಂದು, ಸದ್ಗುಣದ ದೃಷ್ಟಿಯಿಂದ ಒಂದು, ಹೀಗೆ ಮೂರು ಭಾಗ ಮಾಡಿ ಉತ್ತರ ಹೇಳಿದೆ. ನಡುವೆ ಇವರು ಏನೋ ಹೇಳಲು ಬಾಯಿ ತೆರೆದರು. ತಡೀರಿ, ಮೊದಲ ಇದು ಮುಗೀಲಿ ಎಂದೆ. ಮುಗಿಯಿತು. ಇವರು, ‘ಹೂಂ, ಬರೋಬ್ಬರಿ,’ ಎಂದು ಕಾರು ತೊಳೆಯಲು ಹೋದರು.

ಚೆನ್ನಾಗಿ ಹೇಳಿದೆ ಎಂಬ ಹೆಮ್ಮೆ ನನಗಿತ್ತು. ಆದರೆ ಮುಂದಿನ ಗುರುವಾರದ ಮೇಲೆ ಮಗಳು ಹೇಳಿದಳು, ಅಪ್ಪ ಮತ್ತು ಮಾಸ್ತರು ಅದೇ ಬಾಟಲಿಯ ಬಗ್ಗೆ ಆ ದಿನವೂ ಎರಡು ತಾಸು ಮಾತಾಡಿದರಂತೆ. ನಾನು ಹತ್ತು ನಿಮಿಷದಲ್ಲಿ ಮುಗಿಸಿದ ಪ್ರಶ್ನೆ ಅಲ್ಲಿ ಇನ್ನೂ ಮುಗಿದಿರಲಿಲ್ಲ. ಆಗ ನನ್ನ ಹೊಟ್ಟೆಕಿಚ್ಚು ಸರಿಯಾಗಿ ಹತ್ತಿಕೊಂಡಿತು.

ನಾನು ಕೈಕಟ್ಟಿ ಕೂರುವವಳಲ್ಲ. ಲೈಬ್ರರಿಯಿಂದ ಆ ತತ್ವಜ್ಞಾನಿಗಳ ಪುಸ್ತಕ ತಂದೆ. ಕ್ಲಿನಿಕ್ಕಿಗೆ ಹೋಗುವ ಬಸ್ಸಿನಲ್ಲಿ, ಊಟದ ಬಿಡುವಿನಲ್ಲಿ, ಪೇಷಂಟು ಬಾಯಿ ತೆರೆದು ಒಳಗೆ ಮಲಗಿದ್ದಾಗ ಹೊರಗಿನ ಮೇಜಿನಲ್ಲಿ, ಓದಿದ್ದೇ ಓದಿದ್ದು. ನೋಟ್ಸು ಮಾಡಿಕೊಂಡೆ. ಅವರಲ್ಲೊಬ್ಬರ ವಿಚಾರ ನನ್ನನ್ನು ಬಹಳ ಹಿಡಿಯಿತು. ಎದುರಿಗಿರುವ ಮನುಷ್ಯನ ಹೆಸರು, ಜಾತಿ, ಗುಣ ಯಾವುದೂ ತಿಳಿಯುವ ಮೊದಲೇ ಅವನ ಮುಖ ನನ್ನಿಂದ ಏನನ್ನೋ ಕೇಳಿಯಾಗಿರುತ್ತದೆ, ಆ ಕೇಳಿಕೆಗೆ ನಾನು ಹೊಣೆ, ನನ್ನ ಬದಲು ಬೇರೆಯವರು ಉತ್ತರ ಕೊಡುವಂತಿಲ್ಲ, ನೀತಿ ಶುರುವಾಗುವುದೇ ಅಲ್ಲಿ ಎಂದು. ಇನ್ನೊಬ್ಬರು, ಎದುರಿನವರನ್ನು ನಾವು ಉಪಯೋಗದ ವಸ್ತುವಾಗಿ ಕಾಣಬಹುದು ಅಥವಾ ನೀನು ಎಂದು ಕರೆಯಬಹುದು, ಎರಡರಲ್ಲೂ ‘ನಾನು’ ಎಂಬವನು ಒಬ್ಬನೇ ಅಲ್ಲ, ಬೇರೆ ಬೇರೆ ಎನ್ನುತ್ತಿದ್ದರು. ಗ್ರಂಥವನ್ನು ಓದುವುದರ ಬಗೆಗೂ ಹಾಗೆಯೇ. ಹಳೆಯ ಮಾತಿನ ಅರ್ಥ ಅದರೊಳಗೆ ಪೂರ್ತಿ ಮುಗಿದು ಕೂತಿಲ್ಲ, ಇವತ್ತಿನ ಒಬ್ಬ ಓದುಗ ತನ್ನ ಬದುಕಿನ ಪ್ರಶ್ನೆ ತಂದು ಅದನ್ನು ಕೇಳಿದಾಗ ಇನ್ನಷ್ಟು ಹುಟ್ಟುತ್ತದೆ. ಇದನ್ನೆಲ್ಲ ನಾನು ಅಚ್ಚುಕಟ್ಟಾಗಿ ತಲೆಬರಹ ಹಾಕಿ ಬರೆದುಕೊಂಡೆ, ಕೆಂಪು ಗೆರೆ ಎಳೆದೆ.

ಇವರು ಆ ವಿಚಾರವನ್ನು ತಿಳಿದುಕೊಂಡದ್ದು ಹೇಗೆಂದು ಒಂದು ಭಾನುವಾರ ಹೊರಬಿತ್ತು. ‘ಮಾರಿ ನೋಡಿದ ಕೂಡ್ಲೇ ಜವಾಬ್ದಾರಿ ಬರ್ತೈತಿ ಅಂತಾರ ಮಾಸ್ತರು,’ ಎಂದು ಇವರು ನಗುತ್ತ ಹೇಳಿದರು. ‘ನಾ ಅಂದೆ, ನಮ್ಮ ಸೂಪರ್‌ವೈಸರ್ ಮಾರಿ ಒಮ್ಮೆ ನೋಡ್ರಿ, ಆಮ್ಯಾಲ ಹೇಳ್ರಿ.’

‘ಅದು ಆ ಅರ್ಥದ ಮುಖ ಅಲ್ಲರೀ,’ ಎಂದೆ. ‘ಅದು ಒಂದು ಪರಿಕಲ್ಪನೆ.’

ಇವರ ನಗು ಅಲ್ಲಿಗೆ ನಿಂತಿತು. ಟಿವಿ ಹಾಕಿದರು. ನಾನು ಸರಿಯಾದದ್ದನ್ನೇ ಹೇಳಿದ್ದೆ, ಆದರೂ ಸೋತ ಹಾಗೆ ಅನ್ನಿಸಿತು.

ಕೊನೆಗೆ ಒಂದು ಗುರುವಾರ ರಜೆ ಹಾಕಿ, ನಾನೂ ಬರುತ್ತೇನೆ ಎಂದೆ. ಇವರು ಬೇಡವೆನ್ನಲಿಲ್ಲ, ಖುಷಿಯೂ ಪಡಲಿಲ್ಲ. ಹಿಂದಿನ ದಿನ ಚಕ್ಕುಲಿ ಮಾಡಿಟ್ಟಿದ್ದೆ. ಅದನ್ನು ನೋಡಿ, ‘ಅವರು ನಮ್ಮ ಅಡಗಿ ಮನ್ಯಾಗಿಂದ ತಿನ್ನಂಗಿಲ್ಲ. ಅವರದ ಮಡಿ ಬ್ಯಾರೆ. ಇಡೀ ಹಣ್ಣ ಒಯ್ಯಿ, ಹೆಚ್ಚಬ್ಯಾಡ,’ ಎಂದರು. ನಮ್ಮ ಅಜ್ಜಿಯ ಮಡಿಗೆ ಇಡೀ ಜನ್ಮ ಮೂಗು ಮುರಿದ ಈ ಮನುಷ್ಯ ಬೇರೆಯವರ ಮಡಿಯನ್ನು ಇಷ್ಟು ಮುತುವರ್ಜಿಯಿಂದ ಕಾಯುವುದನ್ನು ನೋಡಿ ಅದಕ್ಕೂ ನನಗೆ ಅಸೂಯೆಯಾಯಿತು. ಕಿತ್ತಳೆ ಹಣ್ಣು ತೆಗೆದುಕೊಂಡು ಹೋದೆ.

ಅವರ ಊಟದ ಮೇಜಿನ ಮೇಲೆ ಪುಸ್ತಕಗಳು ಗುಡ್ಡೆ ಬಿದ್ದಿದ್ದವು. ಮಾಸ್ತರು ಎದ್ದು ನಿಂತಾಗ ನಾನು ಕೂರಲಿಲ್ಲ, ಅವರು ಕೂತ ಮೇಲೆ ಕೂತೆ. ಸರ್ ಎಂದು ಕರೆದೆ. ಅವರು ಮಾತು ಶುರು ಮಾಡುವವರೆಗೆ ಕಾದೆ. ಗುರುಗಳ ಮುಂದೆ ಹೇಗಿರಬೇಕೆಂದು ನನಗೆ ಮನೆಯಲ್ಲಿ ಕಲಿಸಿದ್ದರು, ಕಾಲೇಜಿನಲ್ಲಿ ಅದನ್ನೇ ನನ್ನ ವಿದ್ಯಾರ್ಥಿಗಳಿಂದ ಪಡೆದಿದ್ದೆ. ಅವರ ಇಂಗ್ಲಿಷನ್ನು ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

‘ಮರಳುಗಾಡಿನ ಇಬ್ಬರ ವಿಷಯದಲ್ಲಿ ಹಿಂದೆ ಇಬ್ಬರು ಪಂಡಿತರಿಗೆ ಎರಡು ಅಭಿಪ್ರಾಯ ಇತ್ತು,’ ಎಂದು ಮಾಸ್ತರು ನನಗಾಗಿ ಮತ್ತೆ ಹೇಳಿದರು. ‘ಒಬ್ಬರು, ಇಬ್ಬರೂ ಕುಡಿಯಲಿ, ಒಬ್ಬನ ಸಾವನ್ನು ಇನ್ನೊಬ್ಬ ನೋಡುವುದು ಬೇಡ ಎಂದರು. ಇನ್ನೊಬ್ಬರು, ನಿನ್ನ ಜೀವ ಮೊದಲು, ಕೈಯಲ್ಲಿ ನೀರಿದ್ದವನೇ ಕುಡಿಯಲಿ ಎಂದರು. ನನಗೆ ಮೊದಲನೆಯವರೇ ಸರಿ ಅನ್ನಿಸುತ್ತದೆ.’

‘ನೀವು ಹೇಳಿದ್ದು ಸರಿ ಸರ್,’ ಎಂದು ನಾನು ಮುಖದ ವಿಚಾರ ತಂದು, ಹೊಣೆಯ ವಿಚಾರ ತಂದು, ಅವರ ಮಾತಿಗೆ ನಾಲ್ಕು ಸಮರ್ಥನೆ ಕೊಟ್ಟೆ. ಮಾಸ್ತರು ಗಮನವಿಟ್ಟು ಕೇಳಿದರು. ಇವರು ಮಾತ್ರ ನಡುವೆ ಬಾಯಿ ಹಾಕಿದರು. ಊರು ಇನ್ನೆಷ್ಟು ದೂರ ಇತ್ತು, ಬಾಟಲಿ ತುಂಬಿಸಿದವರು ಯಾರು, ಇಬ್ಬರೂ ಒಟ್ಟಿಗೆ ಹೊರಟಿದ್ದರೆ ಒಬ್ಬ ಯಾಕೆ ಬರಿಗೈಯಲ್ಲಿ ಬಂದ ಎಂದು ತಮ್ಮ ಫ್ಯಾಕ್ಟರಿ ಇಂಗ್ಲಿಷಿನಲ್ಲಿ ಕೇಳಿದರು. ನನಗೆ ನಾಚಿಕೆಯಾಗಿ ಮೇಜಿನ ಕೆಳಗೆ ಅವರ ಕಾಲು ಒತ್ತಿದೆ.

ಅರ್ಧ ತಾಸಿನ ಮೇಲೆ ಮಾಸ್ತರು ಕನ್ನಡಕ ತೆಗೆದು, ‘ಯೋಚಿಸಿದರೆ ಎರಡನೆಯವರೇ ಸರಿ. ಇಬ್ಬರೂ ಸತ್ತರೆ ಯಾರಿಗೆ ಲಾಭ?’ ಎಂದರು.

‘ಅದೂ ನಿಜ ಸರ್,’ ಎಂದು ನಾನು ಅದಕ್ಕೂ ಮೂರು ಸಮರ್ಥನೆ ಕೊಟ್ಟೆ.

ಇವರು ಜೋರಾಗಿ ನಕ್ಕುಬಿಟ್ಟರು. ಮಾಸ್ತರು ನಗಲಿಲ್ಲ. ‘ನೀವು ನನಗಿಂತ ಹೆಚ್ಚು ಓದಿದ್ದೀರಿ,’ ಎಂದರು. ‘ಆದರೆ ಇವತ್ತು ಇಲ್ಲಿ ನನ್ನನ್ನು ಒಬ್ಬನನ್ನೇ ಬಿಟ್ಟಿರಿ. ಹೆಂಡತಿ ಹೋದ ಮೇಲೆ ಎಲ್ಲರೂ ನನ್ನ ಮಾತಿಗೆ ತಲೆಯಾಡಿಸುತ್ತಾರೆ. ಮಗಳು ಆಡಿಸುತ್ತಾಳೆ, ಡಾಕ್ಟರು ಆಡಿಸುತ್ತಾರೆ. ಈ ನಿಮ್ಮ ಗಂಡ ಮಾತ್ರ ವಾರಕ್ಕೊಮ್ಮೆ ಬಂದು, ನೀವು ಹೇಳಿದ್ದು ತಪ್ಪು ಎನ್ನುತ್ತಾನೆ. ಆಮೇಲೆ ನಾನು ಒಂದು ವಾರ ಯೋಚಿಸುತ್ತೇನೆ.’

ಮುಖಕ್ಕೆ ಹೊಡೆದಂತಾಯಿತು. ಅವಮಾನದ ಜೊತೆ ಇನ್ನೊಂದು ಸಂಗತಿಯೂ ಚುಚ್ಚಿತು. ಪೂರ್ವಪಕ್ಷ ಎಂಬುದು ನಮ್ಮಲ್ಲೂ ಇತ್ತು. ಎದುರಾಳಿಯ ವಾದವನ್ನು ಮೊದಲು ಗೌರವದಿಂದ ಎತ್ತಿ ನಿಲ್ಲಿಸದೆ ನಮ್ಮ ಹಿಂದಿನವರು ಒಂದು ಸಿದ್ಧಾಂತವನ್ನೂ ಹೇಳಿದವರಲ್ಲ. ಆರು ವರ್ಷ ನಾನೇ ಅದನ್ನು ಬೋರ್ಡಿನ ಮೇಲೆ ಬರೆದು ಕಲಿಸಿದ್ದೆ, ಹತ್ತು ಮಾರ್ಕಿನ ಪ್ರಶ್ನೆ. ನನ್ನ ತರಗತಿಯಲ್ಲಿ ಯಾರಾದರೂ ಎದ್ದು ನಿಂತು ನನಗೇ ಪೂರ್ವಪಕ್ಷ ಹಾಕಿದ್ದರೆ ಅವರನ್ನು ಸುಮ್ಮನೆ ಕೂರಿಸುತ್ತಿದ್ದೆ. ಫರ್ನೇಸು ರಿಪೇರಿಗೆ ಹೋದ ಡಿಪ್ಲೊಮಾದವರಿಗೆ ಅದು ತಾನಾಗಿ ಬಂದಿತ್ತು.

ಮನೆಗೆ ಬಂದ ಮೇಲೆ ನಾನು ತಡೆಯಲಿಲ್ಲ. ಇವರು ಶಿಫ್ಟಿಗೆ ಡಬ್ಬಿ ತುಂಬಿಕೊಳ್ಳುತ್ತಿದ್ದರು.

‘ಅಲ್ಲಿ ಅಷ್ಟ ವಾದ ಮಾಡ್ತೀರಿ,’ ಎಂದೆ. ‘ನನ್ನ ಜೋಡಿ ಇಪ್ಪತ್ತ ವರ್ಷದಾಗ ಒಂದ ದಿವಸ ಹಿಂಗ ಕೂತ ಮಾತಾಡೀರೇನು? ನನಗೇನ ತಿಳಿಯಂಗಿಲ್ಲೇನು?’

‘ನಿನಗ ಎಲ್ಲಾ ತಿಳೀತೈತಿ,’ ಎಂದರು. ಡಬ್ಬಿಯ ಮುಚ್ಚಳ ಹಾಕಿದರು. ‘ಅದ ತ್ರಾಸ. ನೀ ರ‍್ಯಾಂಕ ಬಂದಾಕಿ. ನಿನ್ನ ಮುಂದ ಒಂದ ಮಾತ ಆಡಿದ್ರ ನೀ ಅದಕ್ಕ ಮಾರ್ಕ್ಸ್ ಹಾಕ್ತಿ. ಮಾಸ್ತರು ತಪ್ಪ ಅಂತಾರ, ಆಮ್ಯಾಲ ನನ್ನ ಮಾರಿ ನೋಡ್ಕೋಂತ ಕುಂಡ್ರತಾರ, ನಾ ಏನ ಹೇಳ್ತೀನಿ ಅಂತ. ನೀ ತಪ್ಪ ಅಂತಿ, ಎದ್ದ ಹೊಕ್ಕಿ.’

ಅಷ್ಟು ಹೇಳಿ ಶಿಫ್ಟಿಗೆ ಹೋದರು. ಅವರ ಮಾತಿಗೆ ನನ್ನ ಹತ್ತಿರ ಹತ್ತು ಉತ್ತರ ಇದ್ದವು, ಹತ್ತೂ ಸರಿಯಾಗಿದ್ದವು. ಹೇಳಿಸಿಕೊಳ್ಳುವವರು ಇರಲಿಲ್ಲವಾದ್ದರಿಂದ ಅಡುಗೆಮನೆಯಲ್ಲಿ ಒಬ್ಬಳೇ ಕೂತು ಅತ್ತೆ. ಅಳುವಾಗಲೂ ಮಾಸ್ತರ ಮೇಲೆಯೇ ಸಿಟ್ಟು. ಇವರ ಇಂಥ ಮಾತೆಲ್ಲ ಆ ಮನೆಯಲ್ಲಿ ಕೂತು ಕೂತು ಹರಿತವಾಗಿದೆ, ಆ ಮನುಷ್ಯ ಇಲ್ಲದಿದ್ದರೆ ಇದೆಲ್ಲ ಇರುತ್ತಲೇ ಇರಲಿಲ್ಲ ಎಂದು.

ಆಮೇಲೆ ನಾನು ಗುರುವಾರ ಅಲ್ಲಿಗೆ ಹೋಗಲಿಲ್ಲ. ಇವರು ಹೋಗುತ್ತಲೇ ಇದ್ದರು. ಮುಂದಿನ ವರ್ಷದ ಬೇಸಿಗೆಯಲ್ಲಿ ಒಂದು ಸಂಜೆ ಬಸ್ಸಿಳಿದು ಬರುತ್ತಿರುವಾಗ ಎದುರು ಮನೆಯ ಹುಲ್ಲಿನ ಮೇಲೆ ಮಾರಾಟದ ಬೋರ್ಡು ನೆಟ್ಟಿದ್ದನ್ನು ಕಂಡೆ. ಮಾಸ್ತರು ಮಾಂಟ್ರಿಯಲ್‌ನ ಮಗಳ ಮನೆಗೆ ಹೋಗುತ್ತಿದ್ದರು. ನನಗಾದ ಖುಷಿಯನ್ನು ಬರೆಯಲು ಈಗ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಆ ದಿನ ಪಾಯಸ ಮಾಡಿದೆ. ಮಗಳು, ವಾಟ್ಸ್ ದಿ ಅಕೇಷನ್ ಎಂದು ಕೇಳಿದಳು. ಸುಮ್ಮನೆ ಎಂದೆ.

ಖುಷಿ ಒಂದು ತಿಂಗಳೂ ಉಳಿಯಲಿಲ್ಲ. ಗುರುವಾರ ಬೆಳಿಗ್ಗೆ ಹತ್ತಕ್ಕೆ ಮಾಂಟ್ರಿಯಲ್‌ನಿಂದ ಫೋನು ಬರತೊಡಗಿತು. ಒಂದು ದಿನ ಜ್ವರವೆಂದು ನಾನು ಮನೆಯಲ್ಲಿದ್ದಾಗ ಕೇಳಿದೆ. ಇವರು ಬೇಸ್‌ಮೆಂಟಿನಲ್ಲಿ ಸ್ಪೀಕರ್ ಹಾಕಿಕೊಂಡು, ಮೊಮ್ಮಗನನ್ನು ಬೈದ ಹಾಗೆ ಆ ವೃದ್ಧರಿಗೆ, ಇಲ್ಲ ಇಲ್ಲ, ನೀವು ಮೋಸ ಮಾಡುತ್ತಿದ್ದೀರಿ, ಹೋದ ವಾರ ಬೇರೆ ಹೇಳಿದ್ದಿರಿ ಎನ್ನುತ್ತಿದ್ದರು. ಆ ಕಡೆಯಿಂದ ಮಾಸ್ತರ ನಗು ಕೇಳುತ್ತಿತ್ತು. ನಾನು ಮೆಟ್ಟಿಲ ಮೇಲೆ ಕಂಬಳಿ ಹೊದ್ದು ಕೂತು ಕೊನೆಯವರೆಗೂ ಕೇಳಿಸಿಕೊಂಡೆ. ಆರುನೂರು ಕಿಲೋಮೀಟರು ದೂರ ಹೋದರೂ ಪೀಡೆ ತಪ್ಪಲಿಲ್ಲ ಎಂದುಕೊಂಡೆ. ಅದರ ಜೊತೆಗೇ, ನಾಲ್ಕು ಮೆಟ್ಟಿಲು ಇಳಿದು ಅಲ್ಲಿ ಕೂರಬೇಕೆಂದು ಎಷ್ಟು ಆಸೆಯಾಯಿತೆಂದರೆ ಹಲ್ಲು ಕಚ್ಚಿಕೊಂಡೆ.

೨೦೧೮ರ ಚಳಿಗಾಲದಲ್ಲಿ ಫ್ಯಾಕ್ಟರಿಯವರು ಇವರನ್ನು ಬೆಳಗಿನ ಶಿಫ್ಟಿಗೆ ಹಾಕಿದರು. ಗುರುವಾರ ಇವರಿಗೆ ಬಿಡುವಿಲ್ಲ. ನನಗೋ ಆ ವರ್ಷ ಕ್ಲಿನಿಕ್ಕಿನಲ್ಲಿ ವಾರಕ್ಕೆ ನಾಲ್ಕೇ ದಿನ ಕೆಲಸ, ಗುರುವಾರ ರಜೆ. ಇವರು ವಿಷಯ ತಿಳಿಸಲು ಫೋನು ಮಾಡಿದಾಗ ಮಾಸ್ತರು, ಹಾಗಾದರೆ ನಿನ್ನ ಹೆಂಡತಿಯನ್ನು ಕಳಿಸು ಎಂದರಂತೆ. ಇವರು ಅದನ್ನು ನನಗೆ ಹೇಳುವಾಗ ಮುಖದಲ್ಲಿ ಎಂದೂ ಇಲ್ಲದ ಒಂದು ಬಿಗಿ ಇತ್ತು. ಅದು ಏನೆಂದು ನನಗೆ ಕೂಡಲೇ ಗೊತ್ತಾಯಿತು. ಎರಡು ವರ್ಷ ಕನ್ನಡಿಯಲ್ಲಿ ನಾನು ನೋಡಿದ್ದೇ ಅದನ್ನು. ಒಳಗೊಳಗೇ ಹಿಗ್ಗಿದೆ.

ಮೊದಲ ಗುರುವಾರ ಫೋನಿನಲ್ಲಿ ಮಾಸ್ತರು, ‘ಎಲ್ಲಿಂದ ಶುರು ಮಾಡೋಣ?’ ಎಂದರು. ಮರಳುಗಾಡಿನಿಂದಲೇ ಎಂದೆ. ಈ ಸಲ ನಾನು ನೋಟ್ಸು ಇಟ್ಟುಕೊಂಡಿರಲಿಲ್ಲ. ಅವರು ಇಬ್ಬರು ಪಂಡಿತರ ಮಾತನ್ನೂ ಹೇಳಿ, ತಮಗೆ ಮೊದಲನೆಯವರ ಕಡೆ ಒಲವು ಎಂದರು.

‘ಇಬ್ಬರದೂ ತಪ್ಪು,’ ಎಂದೆ. ‘ಇಬ್ಬರೂ ನೀರಿದ್ದವನು ಏನು ಮಾಡಬೇಕು ಎಂದೇ ಮಾತಾಡುತ್ತಾರೆ. ನೀರಿಲ್ಲದವನೂ ಅಲ್ಲೇ ನಡೆಯುತ್ತಿದ್ದಾನೆ. ನಿನಗೆ ಏನು ಬೇಕು ಎಂದು ಅವನನ್ನು ಯಾರೂ ಕೇಳುವುದಿಲ್ಲ. ಎದುರಿನವನ ಮುಖ ಮೊದಲು ಮಾತಾಡುತ್ತದೆ ಎನ್ನುವ ನಿಮ್ಮ ತತ್ವಜ್ಞಾನಿಗಳು ಇವನನ್ನು ಯಾಕೆ ಮಾತಾಡಿಸಲಿಲ್ಲ?’

ಆ ಕಡೆ ಪುಸ್ತಕ ಮುಚ್ಚಿದ ಸದ್ದು ಕೇಳಿಸಿತು. ಮಾಸ್ತರು ನಿಧಾನವಾಗಿ ಹೇಳಿದರು. ‘ನನ್ನ ಹೆಂಡತಿ ನಲವತ್ತು ವರ್ಷ ಆ ಮೇಜಿಗೆ ಚಹಾ ತಂದಿಟ್ಟು, ಬಾಗಿಲ ಹತ್ತಿರ ನಿಂತು ಕೇಳಿ ಹೋಗುತ್ತಿದ್ದಳು. ನಮ್ಮಲ್ಲಿ ಆಗ ಹೆಂಗಸರು ಕೂರುತ್ತಿರಲಿಲ್ಲ. ಅವಳು ಇದನ್ನೇ ಕೇಳುತ್ತಿದ್ದಳೋ ಏನೋ. ನಾನು ಅವಳನ್ನು ಕೇಳಲಿಲ್ಲ.’ ಆಮೇಲೆ, ‘ಮುಂದಿನ ವಾರ ಇದಕ್ಕೆ ನನ್ನ ಉತ್ತರ ಹೇಳುತ್ತೇನೆ. ನನಗೆ ಒಂದು ವಾರ ಬೇಕು,’ ಎಂದರು.

ಒಂದು ವಾರ. ಇವರಿಗೆ ಸಿಗುತ್ತಿದ್ದ ಅದೇ ಒಂದು ವಾರ ನನಗೆ ಸಿಕ್ಕಿತ್ತು. ಅಷ್ಟು ದೊಡ್ಡ ಮನುಷ್ಯರು ತಮ್ಮ ಹೆಂಡತಿಯ ಬಗ್ಗೆ ಅಂಥ ಮಾತು ಹೇಳಿದ್ದರು, ನನ್ನ ಕಣ್ಣಲ್ಲಿ ನೀರು ಬರಬೇಕಾಗಿತ್ತು. ನಾನು ಮಾತ್ರ ಗೆದ್ದವಳ ಹಾಗೆ ಮನೆ ತುಂಬ ಓಡಾಡಿದೆ.

ಸಂಜೆ ನಾಲ್ಕಕ್ಕೆ ಇವರು ಬಂದರು. ಇನ್ನೂ ಜಾಕೆಟ್ಟು ತೆಗೆದಿರಲಿಲ್ಲ, ‘ಏನಂದ್ರು ಮಾಸ್ತರು?’ ಎಂದು ಕೇಳಿದರು. ಕೇಳಬಾರದೆಂದುಕೊಂಡು ಕೇಳಿದ ದನಿ. ನಾನು ನನ್ನ ಆಕ್ಷೇಪವನ್ನು ಚೂರೂ ಬಿಡದೆ ಹೇಳಿದೆ, ಮಾಸ್ತರು ಒಂದು ವಾರ ಕೇಳಿದ್ದನ್ನು ಎರಡು ಸಲ ಹೇಳಿದೆ. ಇವರು ಕುರ್ಚಿಯಲ್ಲಿ ಕೂತು ಬೂಟಿನ ಲೇಸು ಬಿಚ್ಚುತ್ತ ಕೇಳಿದರು. ಅವರ ಮುಖ ಸಣ್ಣದಾಗುವುದನ್ನು ನಾನು ಕಾಯುತ್ತಿದ್ದೆ.

‘ಛಲೋ ಕೇಳಿದಿ,’ ಎಂದರು. ಲೇಸು ಬಿಚ್ಚುತ್ತಲೇ ಇದ್ದರು. ‘ಆದ್ರ ಅಂವಗ ನೀರ ಬೇಕಾಗಿತ್ತು ಅಂತ ಎಲ್ಲಿ ಐತಿ? ನೀರ ಇರಲಿಲ್ಲ ಅಂತ ಅಷ್ಟ ಐತಿ. ಊರ ಮುಟ್ಟೂದಿಲ್ಲ ಅಂತ ಅಂವಗ ಮೊದಲ ಗೊತ್ತಿದ್ದೀತು. ಅಲ್ಲೀತನಕ ಯಾರರ ಜೋಡಿ ಮಾತಾಡ್ಕೋಂತ ಬರ್ಲಿ ಅಂತ ಅಷ್ಟ ಇದ್ದೀತು ಅವನ ಮನಸ್ನ್ಯಾಗ.’

‘ಅದಕ್ಕ ಆಧಾರ ಏನ?’ ಎಂದೆ. ನಾಲಿಗೆಯ ಅಭ್ಯಾಸ.

‘ಆಧಾರ ಇಲ್ಲ. ನನಗ ಹಂಗ ಅನಸ್ತೈತಿ.’

ಅಂಥ ಮಾತು ಇವರ ಬಾಯಲ್ಲಿ ನಾನು ಕೇಳಿರಲಿಲ್ಲ. ಎದುರು ಮನೆಯ ಮೇಜಿನ ಮೇಲೆ, ಆಮೇಲೆ ಬೇಸ್‌ಮೆಂಟಿನ ಫೋನಿನಲ್ಲಿ, ವಾರ ವಾರ ಇಂಥವು ಎಷ್ಟು ಬಂದು ಹೋಗಿರಬೇಕು, ಎಲ್ಲ ಇನ್ನೊಬ್ಬರ ಪಾಲಾದವಲ್ಲ ಎಂದು ಹೊಟ್ಟೆಯೊಳಗೆ ಮತ್ತೆ ಬೆಂಕಿ ಹತ್ತಿತು. ಸಿಟ್ಟೂ ಬಂತು. ಎದ್ದು ಹೋಗುತ್ತಿದ್ದೆ, ಹೋಗಲಿಲ್ಲ. ಎದುರಿನ ಕುರ್ಚಿಯಲ್ಲೇ ಇದ್ದೆ.

‘ಹಂಗಿದ್ರ ಅಂವ ಬಾಯಿ ಬಿಟ್ಟ ಹೇಳಬೇಕಾಗಿತ್ತು,’ ಎಂದೆ. ‘ಹೇಳಲಿಲ್ಲಂದ್ರ ಜೋಡಿ ನಡಿಯೋರಿಗೆ ಹ್ಯಾಂಗ ಗೊತ್ತಾಗಬೇಕು?’

ಇವರು ಬೂಟು ಪಕ್ಕಕ್ಕಿಟ್ಟು ನನ್ನ ಮುಖ ನೋಡಿದರು. ‘ಹೇಳಿದ್ರ ನೀ ಏನ ಅಂತಿದ್ದಿ?’

ಬಾಟಲಿ ಇದ್ದವನು ಏನನ್ನುತ್ತಿದ್ದ ಎಂದು ಕೇಳಲಿಲ್ಲ. ನೀನು ಎಂದರು. ಏನೇನೋ ಉತ್ತರ ಬಾಯಿಗೆ ಬಂದವು. ಅವರು ಕಾಯುತ್ತಿದ್ದರು, ಆತುರವಿರಲಿಲ್ಲ, ಮಾಸ್ತರು ಅವರಿಗಾಗಿ ಕಾಯುತ್ತಿದ್ದದ್ದೂ ಹೀಗೆಯೇ ಇರಬೇಕು. ನಾನು ನಿಜವನ್ನೇ ಹೇಳಿದೆ.

‘ಮೊದಲ ಸರಿಯಾಗಿ ಹೇಳ್ರಿ ಅಂತಿದ್ದೆ.’

‘ಹೌದು,’ ಎಂದರು ಇವರು. ‘ಅದಕ್ಕ ಹೇಳಲಿಲ್ಲ.’